ನೆರಳಿಗೆ ಹೆದರದ ಮರಿಗಳು

ಮಳೆಗಾಲ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದ ದಿನಗಳು. ಬೆಳಗಿನ ಹೊತ್ತು ಕೊಳಗಳ ಮೇಲೆ ತೆಳ್ಳಗಿನ ಹಬೆ ಏಳುತ್ತಿತ್ತು. ಸೊಸೆ ಮೊಣಕಾಲಿನವರೆಗೆ ಬಟ್ಟೆ ಎತ್ತಿ ಕಟ್ಟಿಕೊಂಡು ದೊಡ್ಡ ಕೊಳದ ಅಂಚಿಗಿಳಿದಿದ್ದಳು. ಮಳೆಯಲ್ಲಿ ಬೇಕಾಬಿಟ್ಟಿ ಬೆಳೆದ ಪಾಚಿಯನ್ನು ಹಲ್ಲುಕೋಲಿನಿಂದ ಎಳೆದೆಳೆದು ದಂಡೆಗೆ ಹಾಕುತ್ತಿದ್ದಳು. ಹಾಕಿದ ಪಾಚಿಯಿಂದ ನೀರು ಸೋರಿ ಮತ್ತೆ ಕೊಳಕ್ಕೇ ಇಳಿಯುತ್ತಿತ್ತು. ಈ ಕೆಲಸದಲ್ಲಿ ಅವಸರ ಮಾಡಿದರೆ ಕೆಸರು ಕದಡುತ್ತದೆ, ಕೆಸರು ಕದಡಿದರೆ ಮೀನುಗಳು ಮೇಲೆ ಬಂದು ಉಸಿರಿಗೆ ಬಾಯಿ ಬಾಯಿ ಬಿಡುತ್ತವೆ. ಅದನ್ನು ಅವಳಿಗೆ ಕಲಿಸಿದವರು ಮಾವ. ಅವರು ತೀರಿಕೊಂಡದ್ದು ಕಳೆದ ಚಳಿಗಾಲದಲ್ಲಿ.

ಮನೆಯ ಹಿಂದಿನ ಮರಿಕೊಳದ ಕಡೆಯಿಂದ ಅತ್ತೆಯ ದನಿ ಕೇಳಿಸಿತು.

“ಬಾ ಬಾ, ನೀನು ಬಾ. ಲೇ ಗುಂಡ, ನೀನು ಆಗಲೇ ತಿಂದೆಯಲ್ಲೋ, ಸರಿ ಆಚೆ. ಈ ಸಣ್ಣದಕ್ಕೂ ಒಂದಿಷ್ಟು ಸಿಗಲಿ.”

ಸೊಸೆ ಕೋಲಿಗೆ ಗಲ್ಲ ಊರಿ ನಿಂತು ಕೇಳಿದಳು. ಕೇಳುತ್ತಾ ಕೇಳುತ್ತಾ ಅವಳ ಮುಖ ಅರಳಿತು. ಅತ್ತೆ ಹೀಗೆ ಮಾತಾಡಿ ಎಷ್ಟು ಕಾಲವಾಗಿತ್ತು! ಮಾವ ಹೋದ ಮೇಲೆ ಅವರು ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ತಟ್ಟೆ ಮುಂದಿಟ್ಟರೆ ಎರಡು ತುತ್ತು ತಿನ್ನುತ್ತಿದ್ದರು. ರಾತ್ರಿ ನಿದ್ದೆ ಇಲ್ಲ, ಕೈ ನಡುಕ, ಬಾಗಿಲು ಬಡಿದ ಸದ್ದಾದರೆ ಎದೆ ಹಿಡಿದುಕೊಳ್ಳುವಷ್ಟು ಹೆದರಿಕೆ. ಕೊನೆಗೆ ಸೊಸೆಯೇ ಪಟ್ಟು ಹಿಡಿದು ಪಟ್ಟಣದ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ಬೆಳಿಗ್ಗೆಗೆ ಒಂದು ಮಾತ್ರೆ, ದುಃಖ ತಿಳಿಯಾಗಲಿಕ್ಕೆ. ರಾತ್ರಿಗೆ ಒಂದು, ಹೆದರಿಕೆ ಇಳಿದು ನಿದ್ದೆ ಹತ್ತಲಿಕ್ಕೆ. ಮುಗಿಯುವ ಮೊದಲೇ ಬಸ್ಸು ಹತ್ತಿ ಹೋಗಿ ತರುವುದು, ಹೊತ್ತುಹೊತ್ತಿಗೆ ಅತ್ತೆಯ ಅಂಗೈ ಮೇಲಿಟ್ಟು ನೀರಿನ ಲೋಟ ಕೊಡುವುದು ಸೊಸೆಯ ಕೆಲಸವಾಯಿತು. ಅತ್ತೆ ಒಂದು ದಿನವೂ ಬೇಡವೆನ್ನಲಿಲ್ಲ. ಬಾಯಿಗೆ ಹಾಕಿಕೊಂಡು, ನೀರು ಕುಡಿದು, “ಆಯ್ತಮ್ಮ” ಎಂದು ಬಚ್ಚಲಿಗೆ ಹೋಗುತ್ತಿದ್ದರು.

ಮೊದಲು ಏನೂ ಫರಕು ಕಾಣಲಿಲ್ಲ. ಆಮೇಲೆ ಮಳೆಗಾಲದ ನಡುವಿನಲ್ಲಿ ಒಂದು ಬೆಳಿಗ್ಗೆ ಅತ್ತೆ ಮರಿಕೊಳದ ಕಲ್ಲಿನ ಮೇಲೆ ಕೂತು ನೀರಿಗೆ ಬೆರಳು ಇಳಿಬಿಟ್ಟಾಗ ಗೆಂಡೆಮೀನಿನ ಮರಿಗಳು ಬಂದು ಬೆರಳು ಕಚ್ಚಿದವು. ಅಂದಿನಿಂದ ಅತ್ತೆಗೆ ಕೊಳವೇ ಮನೆಯಾಯಿತು. ಮಾತು ಬಂತು, ನಗು ಬಂತು, ಹಸಿವೂ ಸ್ವಲ್ಪ ಬಂತು.

“ಡಾಕ್ಟರ ಕೈಗುಣ ನೋಡು,” ಎಂದಿದ್ದ ಸೊಸೆಯ ಗಂಡ. ಅವನು ಹಾಲಿನ ವ್ಯಾನ್ ಓಡಿಸುವವನು, ನಸುಕಿಗೆ ಹೋದರೆ ಮಧ್ಯಾಹ್ನಕ್ಕೆ ಮನೆ. “ಅಮ್ಮ ನನ್ನ ಜೊತೆ ಇಷ್ಟು ಮಾತಾಡಿದ್ದೇ ಇಲ್ಲ. ನಾನೂ ಮೀನಾಗಿ ಹುಟ್ಟಬೇಕಿತ್ತು.”

“ನೀವು ಬಾಯಿ ತೆಗೆದರೆ ಬರೀ ಬೈಗುಳ. ಮೀನು ಬಾಯಿ ತೆಗೆದರೂ ಸದ್ದಿಲ್ಲ. ಅದಕ್ಕೇ,” ಎಂದಿದ್ದಳು ಸೊಸೆ.

ಅತ್ತೆಯ ಮನಸ್ಸು ಹಿಡಿದು ನಿಂತಿದ್ದ ಇನ್ನೊಂದು ಸಂಗತಿಯೂ ಇತ್ತು. ಅದು ಒಂದು ಸಾಲ, ಮೀನಿನ ಸಾಲ. ಹಿಂದಿನ ವರ್ಷ ಇವರ ಮರಿಗಳಿಗೆ ರೋಗ ತಗುಲಿ ಕೊಳ ಬರಿದಾದಾಗ, ಹಳ್ಳದ ಆಚೆ ದಂಡೆಯಲ್ಲಿ ಕೊಳ ಇಟ್ಟುಕೊಂಡಿದ್ದ ಮಾವನ ಗೆಳೆಯ ತನ್ನ ಮರಿಗಳನ್ನು ಕ್ಯಾನುಗಳಲ್ಲಿ ತುಂಬಿಕೊಂಡು ಬಂದು ಸುರಿದು ಹೋಗಿದ್ದ. ಊರೆಲ್ಲ ಅವನನ್ನು ಗೊಣಗಪ್ಪ ಎಂದೇ ಕರೆಯುವುದು. ಅಂದು ಮರಿ ಸುರಿಯುವಾಗಲೂ, “ಈ ಮನುಷ್ಯನ ಸ್ನೇಹ ಮಾಡಿ ನನ್ನ ಕೊಳ ತೂತಾಯ್ತು” ಎಂದು ಗೊಣಗುತ್ತಲೇ ಇದ್ದ. ದುಡ್ಡಿನ ಮಾತು ಇಬ್ಬರ ನಡುವೆ ಯಾವತ್ತೂ ಬಂದದ್ದಲ್ಲ. ಮೀನಿಗೆ ಮೀನು, ಅಷ್ಟೇ. ಮಾವ ಹಾಸಿಗೆ ಹಿಡಿದಾಗ ಹೆಂಡತಿಗೆ ಹೇಳಿದ ಕೊನೆಯ ಮಾತುಗಳಲ್ಲಿ ಅದೂ ಒಂದು: “ಮಳೆ ಕಳೆದ ಕೂಡಲೇ ಗೊಣಗನ ಮರಿ ತಿರುಗಿಸಿಬಿಡು. ಇಲ್ಲದಿದ್ದರೆ ಅವನು ನನ್ನ ಗೋರಿ ಹತ್ತಿರ ಕೂತು ಗೊಣಗ್ತಾನೆ. ನನಗೆ ನಿದ್ದೆ ಬರಲ್ಲ.”

ಮಳೆ ಕಳೆದಿತ್ತು. ಈ ವರ್ಷದ ಮರಿಗಳೂ ಬೆರಳುದ್ದ ಬೆಳೆದಿದ್ದವು. ಬೆಳೆದದ್ದೇನು, ಇಂಥ ದುಂಡನೆಯ ಮರಿಗಳನ್ನು ಸೊಸೆ ಈ ಮನೆಗೆ ಬಂದ ಮೇಲೆ ನೋಡಿರಲಿಲ್ಲ. ಹಿಟ್ಟು ಹಾಕಿದರೆ ಒಂದರ ಮೇಲೊಂದು ಬಿದ್ದು ತಿನ್ನುತ್ತಿದ್ದವು. ಬರುವ ವಾರ ಕ್ಯಾನು ತರುವುದಾಗಿ ಗೊಣಗಪ್ಪ ಹೇಳಿ ಕಳುಹಿಸಿದ್ದ.

ಪಾಚಿ ಎಳೆದು ಮುಗಿಸಿ ಸೊಸೆ ಮರಿಕೊಳಕ್ಕೆ ಬಂದಳು. ಕೊಡುವ ಮುಂಚೆ ನೆರಳು ನೋಡಬೇಕಿತ್ತು. ಅದೂ ಮಾವನ ಪದ್ಧತಿಯೇ. ಸೂರ್ಯನಿಗೆ ಬೆನ್ನು ಮಾಡಿ ನಿಂತು ಖಾಲಿ ಬುಟ್ಟಿಯೊಂದನ್ನು ನೀರಿನ ಮೇಲೆ ಗಾಳಿಯಲ್ಲಿ ಮೆಲ್ಲನೆ ತೇಲಿಸಿದಂತೆ ಆಡಿಸುವುದು. ಹಕ್ಕಿಯ ನೆರಳು ಎಂದುಕೊಂಡು ಆರೋಗ್ಯದ ಮರಿಗಳು ಕಣ್ಣು ಮಿಟುಕಿಸುವುದರೊಳಗೆ ತಳ ಸೇರುತ್ತವೆ. ಹಾಗೆ ಮಾಯವಾಗದ ಮರಿಯನ್ನು ಮಾವ ಯಾರಿಗೂ ಕೊಟ್ಟವರಲ್ಲ.

ಅವಳು ಬುಟ್ಟಿ ಆಡಿಸಿದಳು. ನೆರಳು ನೀರಿನ ಮೇಲೆ ಹರಿಯಿತು. ಮರಿಗಳು ಅಲುಗಲಿಲ್ಲ. ಒಂದೆರಡು ನೆರಳಿನ ಕೆಳಗೇ ಬಂದು ಮೇಲಕ್ಕೆ ಮೂತಿ ಎತ್ತಿದವು.

“ಬುಟ್ಟಿ ಯಾಕೆ ಆಡಿಸ್ತೀಯೇ, ಅವಕ್ಕೆ ನಾವು ಗೊತ್ತು,” ಎಂದರು ಅತ್ತೆ. “ನಮ್ಮನ್ನು ಕಂಡು ಯಾಕೆ ಓಡ್ತವೆ?”

ಸೊಸೆ ಬುಟ್ಟಿ ಕೆಳಗಿಟ್ಟಳು. ಇರಬಹುದು, ದಿನಾ ಕೈಯಿಂದ ತಿಂದು ರೂಢಿಯಾಗಿರಬಹುದು. ಹಾಗೆಂದು ತನಗೆ ತಾನೇ ಹೇಳಿಕೊಂಡಳು.

ಆದರೆ ಅದೇ ಸಂಜೆ ಬೂದು ಬಕ ಬಂದು ಮರಿಕೊಳದ ಅಂಚಿನಲ್ಲಿ ಇಳಿಯಿತು. ಸೊಸೆ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಬಕ ಬಂದರೆ ಸಾಮಾನ್ಯವಾಗಿ ಒಂಟಿಕಾಲಲ್ಲಿ ಗಂಟೆಗಟ್ಟಲೆ ಕಾಯಬೇಕು. ಇದು ಕಾಯಲಿಲ್ಲ. ಕುತ್ತಿಗೆ ಬಗ್ಗಿಸಿತು, ಒಂದನ್ನು ನುಂಗಿತು. ಅಲ್ಲೇ ನಿಂತು ಇನ್ನೊಂದು ನುಂಗಿತು. ಪಕ್ಕದಲ್ಲಿದ್ದ ಮರಿ ಹೋದರೂ ಉಳಿದವು ಅದರ ಕಾಲಿನ ಸುತ್ತಲೇ ಆಡಿಕೊಂಡಿದ್ದವು. ಸೊಸೆ ಸೌಟು ಹಿಡಿದುಕೊಂಡೇ ಓಡಿದಳು. ಬಕವೇ ಹೆದರಿ ಹಾರಿತು, ಮೀನು ಹೆದರಲಿಲ್ಲ.

ಅವಳು ಕೊಳದ ಗೋಡೆಯ ಬಳಿ ಕುಕ್ಕರಗಾಲಲ್ಲಿ ಕೂತಳು. ಸದಾ ಸಿಮೆಂಟಿಗೆ ಅಂಟಿಕೊಂಡಿರುತ್ತಿದ್ದ ಬಸವನಹುಳುಗಳು ಒಂದೂ ಗೋಡೆಯ ಮೇಲಿರಲಿಲ್ಲ. ಹಿಡಿತ ಬಿಟ್ಟು ತಳದಲ್ಲಿ ಅಂಗಾತ ಬಿದ್ದಿದ್ದವು.

ಮರುದಿನ ಮೀನುಗಾರಿಕೆ ಇಲಾಖೆಯ ಅಧಿಕಾರಿಗೆ ಫೋನು ಮಾಡಿದಳು. ವಯಸ್ಸು ಚಿಕ್ಕದಾದರೂ ಕೆಸರಿಗೆ ಇಳಿಯಲು ಹಿಂದೆಮುಂದೆ ನೋಡದ ಹೆಂಗಸು. ಸುತ್ತಿನ ಕೊಳದವರೆಲ್ಲ ಅವಳನ್ನು ಮೀನು ಮೇಡಂ ಎನ್ನುತ್ತಿದ್ದರು. ಸ್ಕೂಟರಿನಲ್ಲಿ ಬಂದವಳು ಚಪ್ಪಲಿ ಬಿಟ್ಟು ನೇರ ಕೊಳಕ್ಕೇ ಇಳಿದಳು. ಅತ್ತೆ ಮನೆಯೊಳಗೆ ಮಲಗಿದ್ದ ಹೊತ್ತು ಅದು.

ಮೇಡಂ ಬಲೆ ಹಾಕಿ ಮರಿ ಎತ್ತಿದಳು, ಕಿವಿರು ಬಿಡಿಸಿ ನೋಡಿದಳು. “ರೋಗ ಇಲ್ಲ. ಮೈಕಟ್ಟು ನೋಡಿದ್ರೆ ಬಹುಮಾನ ಕೊಡಬೇಕು,” ಎಂದಳು. ಆಮೇಲೆ ಚಪ್ಪಾಳೆ ತಟ್ಟಿದಳು, ನೀರಿಗೆ ಕಲ್ಲು ಎಸೆದಳು. ಮರಿಗಳು ಕಲ್ಲು ಬಿದ್ದ ಕಡೆಗೇ ಹೋದವು. ಅವಳ ಮುಖ ಗಂಭೀರವಾಯಿತು. ತಳದಿಂದ ಒಂದು ಬಸವನಹುಳು ಎತ್ತಿ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

“ಈ ಕೊಳಕ್ಕೆ ನೀರು ಎಲ್ಲಿಂದ ಬರುತ್ತೆ?”

ಸೊಸೆ ತೋರಿಸಿದಳು. ಮಾವ ನೀರನ್ನು ಪೋಲು ಮಾಡದ ಮನುಷ್ಯ. ಬಚ್ಚಲಿನದು, ಪಾತ್ರೆ ತೊಳೆದದ್ದು, ಬಟ್ಟೆ ಒಗೆದದ್ದು ಎಲ್ಲ ನೀರೂ ಜಲ್ಲಿ ತುಂಬಿದ ಗುಂಡಿಗೆ ಇಳಿದು, ಅಲ್ಲಿಂದ ಜೊಂಡು ಬೆಳೆದ ಕಾಲುವೆಯಲ್ಲಿ ನಿಧಾನಕ್ಕೆ ಹರಿದು ಮರಿಕೊಳಕ್ಕೆ ಸೇರುವಂತೆ ತಾವೇ ಕಟ್ಟಿದ್ದರು. ಈ ನೀರಿನಲ್ಲಿ ಸಣ್ಣ ಸಣ್ಣ ಹುಳ ಹುಟ್ಟುತ್ತವೆ, ಅವೇ ಮರಿಗಳಿಗೆ ತಾಯಿಹಾಲು ಎನ್ನುತ್ತಿದ್ದರು. ಆ ಹುಳಗಳಿಗಾಗಿ ಮನೆಯಲ್ಲಿ ಇವತ್ತಿಗೂ ತೊಳೆಯುವುದಕ್ಕೆಲ್ಲ ಬೂದಿಯೇ ಹೊರತು ಸೋಪಿನ ಪುಡಿ ಇಲ್ಲ.

“ಪಾಯಿಖಾನೆದು?”

“ಅದು ಆ ಕಡೆ, ಬೇರೆ ಗುಂಡಿ. ಇದಕ್ಕೆ ಸೇರಲ್ಲ.”

“ಮನೇಲಿ ಯಾರಾದರೂ ಮಾತ್ರೆ ತಗೊಳ್ತಾರಾ?”

“ಅತ್ತೆ ತಗೊಳ್ತಾರೆ. ಹೆದರಿಕೆಗೆ, ನಿದ್ದೆಗೆ.”

ಮೇಡಂ ದಂಡೆಗೆ ಹತ್ತಿ ಕಾಲಿನ ಕೆಸರು ಹುಲ್ಲಿಗೆ ಒರೆಸಿಕೊಂಡಳು. “ನೋಡಿ ಅಕ್ಕ, ಮನುಷ್ಯನ ಹೆದರಿಕೆ ಇಳಿಸೋ ಮಾತ್ರೆ ಮೀನಿನ ಹೆದರಿಕೆಯನ್ನೂ ಇಳಿಸುತ್ತೆ. ಅದರ ತಲೆ ನಮ್ಮ ತಲೆಗಿಂತ ಚಿಕ್ಕದು, ಆದರೆ ಹೆದರೋ ಜಾಗ ಇಬ್ಬರಿಗೂ ಇದೆ. ನಮಗೆ ಹೆದರಿಕೆ ಹೋದರೆ ನಿದ್ದೆ ಬರುತ್ತೆ. ಮೀನಿಗೆ ಹೋದರೆ ಬಕ ಬರುತ್ತೆ. ಗುಂಪು ಬಿಟ್ಟು ಒಂಟಿಯಾಗಿ ಓಡಾಡ್ತವೆ, ಗಬಗಬ ತಿಂತವೆ, ಯಾರು ಬಂದರೂ ಮುಂದೆ ಬರ್ತವೆ. ಇನ್ನು ಬಸವನಹುಳು ಹೀಗೆ ಗೋಡೆ ಬಿಡೋದು, ಅದೂ ಇಂಥ ಮಾತ್ರೆಗಳಿಂದ ಆಗುತ್ತೆ ಅಂತ ಓದಿದ್ದೀನಿ. ಕಣ್ಣಾರೆ ನೋಡ್ತಿರೋದು ಇದೇ ಮೊದಲು.”

“ಜಲ್ಲಿ, ಜೊಂಡು ಎಲ್ಲಾ ದಾಟಿಕೊಂಡು ಬರುತ್ತಲ್ಲ ನೀರು?”

“ಕೊಳೆ ನಿಲ್ಲುತ್ತೆ, ಜಿಡ್ಡು ನಿಲ್ಲುತ್ತೆ. ಕರಗಿದ ಔಷಧಿ ಬಹಳಷ್ಟು ಹಾಗೇ ನುಸುಳಿ ಬರುತ್ತೆ. ಪಟ್ಟಣದ ದೊಡ್ಡ ದೊಡ್ಡ ಶುದ್ಧೀಕರಣ ಘಟಕಕ್ಕೇ ಅದು ಪೂರ್ತಿ ಸಿಗಲ್ಲ. ಅಲ್ಲಿ ಸಾವಿರಾರು ಜನ ನುಂಗಿದ್ದು ಮೈಯಿಂದ ಇಳಿದು ಹೊಳೆ ಸೇರುತ್ತೆ. ಆ ಮೀನುಗಳು ಹೇಗಿವೆ ಅಂತ ಯಾರು ಬುಟ್ಟಿ ಹಿಡಿದು ನೋಡ್ತಾರೆ, ಹೇಳಿ?” ಮೇಡಂ ಒಂದು ಬಾಟಲಿಗೆ ಕೊಳದ ನೀರು ತುಂಬಿಸಿಕೊಂಡಳು. “ಪರೀಕ್ಷೆಗೆ ಕಳಿಸ್ತೀನಿ. ಉತ್ತರ ಬರೋಕೆ ತಡ ಆಗುತ್ತೆ. ಅಲ್ಲೀತನಕ ಆ ಕಾಲುವೆ ಮುಚ್ಚಿ, ಬಾವಿ ನೀರು ಬಿಡಿ. ಈ ಮರಿ ಯಾರಿಗೂ ಕೊಡಬೇಡಿ, ನೀವೂ ತಿನ್ನಬೇಡಿ. ಒಳ್ಳೆ ನೀರು ಸಿಕ್ಕರೆ ಹೆದರಿಕೆ ತಿರುಗಿ ಬಂದರೂ ಬರಬಹುದು. ಎಷ್ಟು ದಿನಕ್ಕೆ, ಎಷ್ಟಕ್ಕೆ ಅಂತ ನನಗೂ ಗೊತ್ತಿಲ್ಲ.”

ಸ್ಕೂಟರು ಹತ್ತಿದವಳು ಏನೋ ಹೊಳೆದಂತೆ ತಿರುಗಿದಳು. “ಒಂದು ಮಾತು ಅಕ್ಕ. ಅವರು ನುಂಗಿದ್ದು ಪಾಯಿಖಾನೆ ಗುಂಡಿಗೆ ಹೋಗಬೇಕಿತ್ತು. ಈ ಕೊಳಕ್ಕೆ ಹೇಗೆ ಬಂತು?”

ಸ್ಕೂಟರಿನ ಸದ್ದು ಅಡಗುವವರೆಗೂ ಸೊಸೆ ಅಲ್ಲೇ ನಿಂತಿದ್ದಳು. “ಆಯ್ತಮ್ಮ” ಎಂದು ಅತ್ತೆ ಪ್ರತಿ ಸಲ ಬಚ್ಚಲಿಗೆ ಹೋಗುತ್ತಿದ್ದದ್ದು ಅವಳ ಕಣ್ಣ ಮುಂದೆ ಬಂತು. ಬಾಯಿ ಮುಕ್ಕಳಿಸುವ ಸದ್ದು. ಆಮೇಲೆ ಒಂದು ಚೊಂಬು ನೀರು ಸುರಿಯುವ ಸದ್ದು.

ಮಧ್ಯಾಹ್ನ ಬಂದ ಗಂಡನಿಗೆ ಎಲ್ಲ ಹೇಳಿದಳು. ಅವನು ತಲೆ ಕೆರೆದುಕೊಂಡ.

“ಅಮ್ಮನಿಗೆ ಹೇಳಲೇಬೇಕಾ? ಈಗಷ್ಟೇ ನಗೋಕೆ ಶುರು ಮಾಡಿದ್ದಾಳೆ. ಗೊಣಗಪ್ಪನಿಗೆ ಮರಿ ತುಂಬಿ ಕಳಿಸಿಬಿಡೋಣ. ನೋಡಿದರೆ ಅವನೇ ಖುಷಿಯಾಗ್ತಾನೆ. ಅಪ್ಪನ ಮಾತು ಉಳಿಯುತ್ತೆ, ಅಮ್ಮನ ಮನಸ್ಸೂ ಉಳಿಯುತ್ತೆ.”

“ಅವನ ಕೊಳದಲ್ಲಿ ಬಕ ಇಲ್ವಾ?”

“ಬಕ ಎಲ್ಲಿಲ್ಲ? ಕೊಟ್ಟ ಮೇಲೆ ಅವನ ಕೊಳ, ಅವನ ಬಕ.”

“ನಿಮ್ಮಪ್ಪ ಇದ್ದಿದ್ದರೆ ಈ ಮಾತು ಅವರ ಮುಂದೆ ಆಡ್ತಿದ್ರಾ?”

ಗಂಡ ತಟ್ಟೆಯತ್ತ ನೋಡಿದ. “ಇಲ್ಲ. ಕೆನ್ನೆಗೆ ಬೀಳ್ತಿತ್ತು,” ಎಂದ. ಊಟ ಮುಗಿಸಿ, ಹೇಳಿಸಿಕೊಳ್ಳದೆಯೇ ಸಲಿಕೆ ತೆಗೆದುಕೊಂಡು ಹೋಗಿ ಕಾಲುವೆಗೆ ಮಣ್ಣು ಕಟ್ಟಿದ.

ಸಂಜೆ ಅತ್ತೆ ಜಗಲಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದರು. ಸೊಸೆ ಎದುರಿಗೆ ಕೂತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು. ಅತ್ತೆಯ ಬೆರಳು ನಡುಗುತ್ತಿದ್ದವು. ಕಾಳೊಂದು ಜಾರಿ ನೆಲಕ್ಕೆ ಉರುಳಿತು. ಈ ನಡುಕ ನಿಂತೇ ಇರಲಿಲ್ಲ ಎಂಬುದು ತನಗೆ ಇಷ್ಟು ದಿನ ಹೇಗೆ ಕಾಣಲಿಲ್ಲವೋ!

“ಅತ್ತೆ, ಮಾತ್ರೆ ನುಂಗೋಕೆ ಕಷ್ಟ ಆಗುತ್ತಾ?”

ಅತ್ತೆ ತಲೆ ಎತ್ತಲಿಲ್ಲ. ಕಾಯಿಯ ನಾರು ಎಳೆದರು, ಸಿಪ್ಪೆ ಪಕ್ಕಕ್ಕಿಟ್ಟರು.

“ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ.”

“ಬೈಬೇಡ ಕಣೇ.”

“ಬೈಯೋಕೆ ನನಗೆ ಬರುತ್ತಾ ಅತ್ತೆ? ಅದು ನಿಮ್ಮ ಮಗನ ಇಲಾಖೆ.”

ಅತ್ತೆಯ ತುಟಿಯಲ್ಲಿ ನಗೆಯ ಗೆರೆಯೊಂದು ಮೂಡಿ ಅಳಿಯಿತು. “ಮೊದಮೊದಲು ನುಂಗಿದೆ. ನಿಜವಾಗಲೂ ನುಂಗಿದೆ. ನಿದ್ದೆ ಬಂತು. ಆದರೆ ಎಂಥ ನಿದ್ದೆ ಗೊತ್ತಾ, ಬಾವಿಗೆ ಕಲ್ಲು ಹಾಕಿದಂಗೆ. ಅವರು ಕನಸಿಗೆ ಬರ್ತಿದ್ದರು, ದಿನಾ. ಬಂದು ಏನೂ ಹೇಳ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕಾಲಿನ ಕೆಸರು ಒರೆಸಿಕೊಳ್ತಿದ್ದರು, ಅಷ್ಟೇ. ಮಾತ್ರೆ ನುಂಗಿದ ಮೇಲೆ ಬರೋದೇ ನಿಲ್ಲಿಸಿದರು. ಬೆಳಿಗ್ಗೆ ಮಾತ್ರೆಗೆ ಅಳುನೂ ನಿಂತುಹೋಯ್ತು. ಅಳದೆ ಇದ್ದರೆ ಅವರು ಹೋದದ್ದು ಯಾರಿಗೋ ಆದಂಗೆ ಇತ್ತು. ನನಗೆ ಅದು ಬೇಡ ಅನ್ನಿಸ್ತು.”

“ನನಗೆ ಹೇಳಬಹುದಿತ್ತಲ್ಲ.”

“ಹೇಗೆ ಹೇಳಲಿ? ನೀನು ಬಸ್ಸಲ್ಲಿ ನಿಂತುಕೊಂಡು ಹೋಗಿ ತರ್ತಿದ್ದೆ. ಅಂಗೈ ಮೇಲೆ ಇಡುವಾಗ ನಿನ್ನ ಮುಖ ನೋಡ್ತಿದ್ದೆ. ಬೇಡ ಅಂದರೆ ಆ ಮುಖ ಏನಾಗುತ್ತೋ ಅಂತ ನಾಲಿಗೆ ಕೆಳಗೆ ಇಟ್ಟುಕೊಂಡು ಬಚ್ಚಲಲ್ಲಿ ಉಗುಳ್ತಿದ್ದೆ. ಆಚೆ ಬಿಸಾಕಿದರೆ ಕೋಳಿ ನಾಯಿ ತಿಂದಾವು. ಬಚ್ಚಲಾದರೆ ನಿಮ್ಮ ಮಾವ ಕಟ್ಟಿದ ಗುಂಡಿ ಇದೆ, ಎಂಥಾ ಕೊಳೆ ಆದರೂ ಸೋಸುತ್ತೆ ಅಂತ ಅವರೇ ಹೇಳ್ತಿದ್ದರಲ್ಲ. ಅದಕ್ಕೇ ಧೈರ್ಯವಾಗಿ ಹಾಕಿದೆ.”

ಸೊಸೆ ಕಾಳು ಬಿಡಿಸುತ್ತಾ ಹೋದಳು. ಕೈಯಲ್ಲಿದ್ದ ಕಾಯಿ ಮುಗಿದ ಮೇಲೆ ಬೇರೆ ದಾರಿಯಿಲ್ಲದೆ ಹೇಳಿದಳು. ಮೇಡಂ ಹೇಳಿದ್ದನ್ನು ಹೇಳಿದಳು, ಬಕ ಬಂದದ್ದನ್ನು ಹೇಳಿದಳು, ಬಸವನಹುಳುಗಳ ವಿಷಯ ಹೇಳಿದಳು. ಯಾವುದನ್ನೂ ಜೋರಾಗಿ ಹೇಳಲಿಲ್ಲ.

ಅತ್ತೆ ಪೂರಾ ಕೇಳಿಸಿಕೊಂಡರು. ಅಂಗಳದಲ್ಲಿ ಬೆಳಕು ಇಳಿಯುತ್ತಿತ್ತು.

“ಅಂದರೆ,” ಎಂದರು, “ಅವು ನನ್ನ ಹತ್ತಿರ ಬರ್ತಿದ್ದದ್ದು... ನಾನು ಅಂತ ಅಲ್ಲ.”

ಸೊಸೆ ಸುಳ್ಳು ಹುಡುಕಿದಳು. ಸಿಗಲಿಲ್ಲ. ಅತ್ತೆಯ ಮೊಣಕಾಲಿನ ಮೇಲೆ ಕೈಯಿಟ್ಟಳು. ಅತ್ತೆ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಎಷ್ಟು ಹೆಸರಿಟ್ಟಿದ್ದೆ,” ಎಂದರು ಅತ್ತೆ. “ನನ್ನ ಪಾಲಿನ ಮಾತ್ರೆ ಅವು ನುಂಗ್ತಾ ಇದ್ದವು. ಪಾಪದವು.” ಆಮೇಲೆ ಅತ್ತರು, ಸೆಟೆದುಕೊಳ್ಳದೆ, ಮುಖ ಮುಚ್ಚಿಕೊಳ್ಳದೆ. ಸೊಸೆ ತಡೆಯಲಿಲ್ಲ. ಅವರ ಪಕ್ಕಕ್ಕೆ ಸರಿದು ಕೂತು ಬೆನ್ನಿಗೆ ಕೈ ಹಾಕಿದಳು. ಕತ್ತಲಾಗುವ ಮುಂಚೆ, “ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ. ಇದ್ದದ್ದು ಇದ್ದಂಗೆ ಹೇಳೋಣ. ಬೇರೆ ಏನಾದರೂ ದಾರಿ ಇರುತ್ತೆ. ಉಳಿದ ಮಾತ್ರೆ ಔಷಧಿ ಅಂಗಡಿಗೇ ವಾಪಸು ಕೊಡೋಣ,” ಎಂದಳು. ಅತ್ತೆ ಹೂಂ ಎಂದರು. ಆ ರಾತ್ರಿ ಸೊಸೆ ಅತ್ತೆಯ ಕೋಣೆಯಲ್ಲೇ ಚಾಪೆ ಹಾಸಿಕೊಂಡಳು.

ಗೊಣಗಪ್ಪ ಹೇಳಿದ ದಿನವೇ ಬಂದ. ಸೈಕಲ್ಲಿನ ಎರಡೂ ಕಡೆ ಕ್ಯಾನು ನೇತುಹಾಕಿಕೊಂಡು, ಏರು ಹತ್ತಿದ್ದಕ್ಕೆ ಏದುಸಿರು ಬಿಡುತ್ತಾ, ದೂರದಿಂದಲೇ ಶುರು ಮಾಡಿದ.

“ಈ ದಾರಿ ಮಾಡಿದವನ ಕೈ ಸೇದಿಹೋಗ. ಅತ್ತಿಗೆ, ಚಹಾ ಇದೆಯಾ? ಇಲ್ಲ ಅಂದರೂ ಪರವಾಗಿಲ್ಲ, ಇದೆ ಅನ್ನಿ.”

“ಇದೆ ಚಿಕ್ಕಮಾವ, ಕೂತ್ಕೊಳ್ಳಿ,” ಎಂದು ಒಳಗಿದ್ದ ಅತ್ತೆಯ ಬದಲು ಸೊಸೆ ಹೇಳಿದಳು.

ಅವನು ಕೂರಲಿಲ್ಲ. ನೇರವಾಗಿ ಮರಿಕೊಳಕ್ಕೇ ನಡೆದ. ಕಾಲುವೆ ಮುಚ್ಚಿ ಬಾವಿ ನೀರು ಬಿಡಲು ಶುರು ಮಾಡಿ ಇನ್ನೂ ಕೆಲವೇ ದಿನಗಳಾಗಿದ್ದವು. ಮರಿಗಳಲ್ಲಿ ಬದಲಾವಣೆ ಏನೂ ಇರಲಿಲ್ಲ. ಗೊಣಗಪ್ಪ ಬಗ್ಗಿ ನೀರಿಗೆ ಕೈಯಿಟ್ಟ. ಮರಿಗಳು ಮುತ್ತಿಕೊಂಡವು. ಒಂದು ಅವನ ಅಂಗೈಯೊಳಗೇ ಬಂದು ನಿಂತಿತು. ಗೊಣಗುವುದನ್ನೇ ಮರೆತು ಅವನು ಮಗುವಿನಂತೆ ನಕ್ಕ.

“ಅತ್ತಿಗೆ! ಏನು ಸಾಕಿದ್ದೀರಿ! ನಾನು ಕೊಟ್ಟಿದ್ದು ಬಡಕಲು ಕಡ್ಡಿ, ನೀವು ಕೊಡ್ತಿರೋದು ಹೋರಿಗಳು. ಅವನು ಇದ್ದಿದ್ದರೆ ನನ್ನ ಮುಂದೆ ಎದೆ ಉಬ್ಬಿಸಿಕೊಂಡು ಓಡಾಡ್ತಿದ್ದ. ಬಲೆ ಎಲ್ಲಿ? ಬಿಸಿಲು ಏರೋ ಮೊದಲು ತುಂಬಿಕೊಂಡು ಹೊರಡ್ತೀನಿ.”

ಸೊಸೆ ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಮನೆಯೊಳಗಿಂದ ಬಂದರು. ಹೆಗಲ ಮೇಲೆ ಶಾಲು ಹೊದ್ದಿದ್ದರು. ಮಗ ಅಂದು ರಜೆ ಹಾಕಿ ಮನೆಯಲ್ಲೇ ಇದ್ದ, ಬಾಗಿಲಲ್ಲಿ ನಿಂತು ಅಮ್ಮನನ್ನೇ ನೋಡುತ್ತಿದ್ದ.

“ಬಲೆ ಬೇಡ,” ಎಂದರು ಅತ್ತೆ. “ಈ ಮರಿ ನಿನಗೆ ಕೊಡಲ್ಲ.”

“ಯಾಕೆ? ಪ್ರೀತಿ ಬಂತಾ?”

“ಬಂತು. ಅದಕ್ಕಲ್ಲ. ಇವಕ್ಕೆ ಹೆದರಿಕೆ ಗೊತ್ತಿಲ್ಲ. ನಿನ್ನ ಕೊಳಕ್ಕೆ ಬಿಟ್ಟರೆ ಸಂಜೆಯೊಳಗೆ ಹಕ್ಕಿಪಾಲು. ಹೀಗಾಗೋಕೆ ಕಾರಣ ನಾನು.” ಅತ್ತೆ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಮಾತ್ರೆ, ನಾಲಿಗೆಯ ಕೆಳಗೆ ಇಟ್ಟುಕೊಂಡದ್ದು, ಬಚ್ಚಲು, ಗುಂಡಿ. ಕನಸಿನ ಮಾತು ಮಾತ್ರ ಹೇಳಲಿಲ್ಲ. ಹೇಳುವಾಗ ದನಿ ನಡುಗಲಿಲ್ಲ. “ಅವರು ಕೊಟ್ಟ ಮಾತು. ಉಳಿಸಿಕೊಳ್ಳಬೇಕು ಅಂತ ಒಂದೊಂದು ದಿನ ಎಣಿಸಿದ್ದೆ. ನನ್ನ ಕೈಯಿಂದಲೇ ಕೆಟ್ಟಿತು.”

ಗೊಣಗಪ್ಪ ನೀರಿನಿಂದ ಕೈ ತೆಗೆಯಲಿಲ್ಲ. ಅಂಗೈಯ ಮರಿ ಇನ್ನೂ ಅಲ್ಲೇ ಇತ್ತು. ಅವನು ಅದನ್ನು ಬೆರಳಿನಿಂದ ಮೆಲ್ಲಗೆ ಸರಿಸಿ, ಎದ್ದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ನನ್ನ ಹೆಂಡತಿನೂ ಅದೇ ಥರದ್ದು ಏನೋ ನುಂಗ್ತಾಳೆ,” ಎಂದ. “ನಮ್ಮ ಮನೆ ನೀರೆಲ್ಲ ಹಳ್ಳಕ್ಕೆ. ಹಳ್ಳದಲ್ಲಿ ಈಚೆಗೆ ಬಸವನಹುಳು ಕಾಣ್ತಾನೇ ಇಲ್ಲ. ನಾನು ಬಿಸಿಲಿಗೆ ಇರಬೇಕು ಅಂದುಕೊಂಡಿದ್ದೆ.”

ಸೊಸೆ ಚಹಾ ತಂದುಕೊಟ್ಟಳು. ಗೊಣಗಪ್ಪ ಕಲ್ಲಿನ ಮೇಲೆ ಕೂತು ಲೋಟ ಊದುತ್ತಾ ಕುಡಿದ. ಅತ್ತೆ ಎದುರಿನ ಕಲ್ಲಿನ ಮೇಲೆ ಕೂತರು. ಮಗನೂ ಬಂದು ಪಕ್ಕದಲ್ಲಿ ನಿಂತ.

“ಹೆದರಿಕೆ ತಿರುಗಿ ಬರಬಹುದು ಅಂತಾರೆ,” ಎಂದಳು ಸೊಸೆ. “ಬಂದರೆ ನಾನೇ ತಂದು ಬಿಡ್ತೀನಿ.”

“ಅಷ್ಟೊತ್ತಿಗೆ ಚಳಿ ಬಿದ್ದಿರುತ್ತೆ. ಚಳಿಯಲ್ಲಿ ಬೇರೆ ಕೊಳಕ್ಕೆ ಬಿಟ್ಟರೆ ಮರಿ ಬದುಕಲ್ಲ ಅಂತ ನಿನಗೆ ಗೊತ್ತು.” ಗೊಣಗಪ್ಪ ಲೋಟದ ತಳ ನೋಡಿದ. “ಈ ವರ್ಷ ನನ್ನ ಕೊಳ ಖಾಲಿ. ಹೆಂಡತಿ ತಲೆ ತಿಂತಾಳೆ. ತಿನ್ನಲಿ.”

“ಹಾಗಾದರೆ ಬೇರೆ ಏನಾದರೂ ತಗೊಳ್ಳಪ್ಪ,” ಎಂದರು ಅತ್ತೆ. “ದೊಡ್ಡ ಕೊಳದಲ್ಲಿ ತೂಕದ ಮೀನಿವೆ, ಆ ನೀರು ಚೆನ್ನಾಗಿದೆ. ಮಾರಿಕೊಂಡು ಮರಿ ತಂದುಕೋ. ಇಲ್ಲ, ಬಿಟ್ಟೆ ಅಂತ ಒಂದು ಮಾತು ಹೇಳಿಬಿಡು. ಋಣ ಇಟ್ಟುಕೊಂಡು ಮಲಗೋಕೆ ನನ್ನ ಕೈಲಿ ಆಗಲ್ಲ.”

“ಯಾಕೆ ಬಿಡಬೇಕು?” ಗೊಣಗಪ್ಪನ ದನಿ ಏರಿತು. “ಮೀನಿಗೆ ಮೀನು ಅಂತ ಮಾತಾಗಿತ್ತು. ಮರಿ ಕೊಟ್ಟಿದ್ದೀನಿ, ಮರಿಯೇ ಬೇಕು. ಈ ಮಳೆಯಲ್ಲದಿದ್ದರೆ ಮುಂದಿನ ಮಳೆ. ಅಲ್ಲೀತನಕ ವಾರಕ್ಕೊಮ್ಮೆ ಬಂದು ಕೇಳ್ತೀನಿ, ಏನಾಯ್ತು ನನ್ನ ಮರಿ ಅಂತ. ಚಹಾ ಮಾಡಿಟ್ಟಿರಬೇಕು. ಅವನು ಹೋದ ಮೇಲೆ ಈ ಕಡೆ ಬರೋಕೆ ನನಗೆ ಒಂದು ನೆಪ ಇರಲಿಲ್ಲ ಅತ್ತಿಗೆ. ಸುಮ್ಮನೆ ಬಂದು ಏನು ಮಾತಾಡಲಿ, ನನಗೆ ಬರೋದು ಇದೊಂದೇ.”

ಅವನು ಮುಖ ಆಚೆ ತಿರುಗಿಸಿಕೊಂಡು ಮೂಗು ಒರೆಸಿಕೊಂಡ. ಅತ್ತೆ ಅವನನ್ನೇ ನೋಡುತ್ತಾ ಕೂತರು. ತಮ್ಮೊಬ್ಬರದೇ ಎಂದುಕೊಂಡಿದ್ದ ದುಃಖ ಹಳ್ಳದ ಆಚೆ ದಂಡೆಯಲ್ಲೂ ಇತ್ತು ಎಂಬುದು ಅವರಿಗೆ ಈವರೆಗೆ ಹೊಳೆದಿರಲಿಲ್ಲ.

“ಸಕ್ಕರೆ ಸಾಕಾಯ್ತಾ?” ಎಂದು ಕೇಳಿದರು ಕೊನೆಗೆ.

“ಎಲ್ಲಿ ಸಾಕು? ನಿಮ್ಮ ಸೊಸೆ ಸಕ್ಕರೆ ಡಬ್ಬಿಯನ್ನ ಲೋಟಕ್ಕೆ ತೋರಿಸಿ ಒಳಗಿಟ್ಟಿದ್ದಾಳೆ.”

“ಮುಂದಿನ ವಾರ ನಾನೇ ಮಾಡ್ತೀನಿ.”

ಗೊಣಗಪ್ಪ ಖಾಲಿ ಕ್ಯಾನುಗಳನ್ನು ಮತ್ತೆ ಸೈಕಲ್ಲಿಗೆ ಕಟ್ಟಲು ಹೋದವನು ಮನಸ್ಸು ಬದಲಿಸಿದ. ಬಿಚ್ಚಿ ತಂದು ಜಗಲಿಯ ಗೋಡೆಗೆ ಒರಗಿಸಿ ಇಟ್ಟ.

“ಇಲ್ಲೇ ಇರಲಿ. ತುಂಬೋ ತನಕ ಹೊತ್ತುಕೊಂಡು ಅಲೆಯೋಕೆ ನನಗೇನು ಹುಚ್ಚೇ?” ಎಂದು, ದಾರಿಯನ್ನು ಬೈಯುತ್ತಾ ಸೈಕಲ್ಲು ತಳ್ಳಿಕೊಂಡು ಇಳಿಜಾರಿನಲ್ಲಿ ಇಳಿದುಹೋದ.